ಡಂಕನ್ನನ ಊರಿಗೆ ಒಂದು ಡಬ್ಬಿ ಮಣ್ಣು

ಅಪ್ಪಾ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರು ಮಾಡಿದರೆ ನೀವು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆಯುತ್ತೀರಿ. ಕ್ಷೇಮವೂ ಇಲ್ಲ, ಏನೂ ಇಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ನಾನು ನಿಮಗೊಂದು ಸುಳ್ಳು ಹೇಳಿದ್ದೆ. ಅದು ಸುಳ್ಳೆಂದು ಕೇಳುವಾಗಲೇ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಬೈಯಲಿಲ್ಲ? ಅದೊಂದನ್ನು ಕೇಳುವುದಕ್ಕೇ ಸ್ವೀಡನ್ನಿನ ವೆಸ್ಟೆರಾಸಿನ ಈ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ.

ಒಂಬತ್ತನೇ ಕ್ಲಾಸಿನಲ್ಲಿ ನೀವೇ ನನ್ನ ಇತಿಹಾಸದ ಮೇಷ್ಟ್ರು. ಸ್ಕೂಲಿನಲ್ಲಿ ಸಾರ್, ಮನೆಯಲ್ಲಿ ಅಪ್ಪ. ಹೋಮ್‌ವರ್ಕ್ ಮಾಡದೆ, "ಮನೇಲಿ ಮರೆತು ಬಂದೆ ಸಾರ್" ಅಂದಿದ್ದೆ. ನೀವು ಯಾರನ್ನೇ ಆದರೂ ಮೂರು ಸಲ ಕೇಳುತ್ತಿದ್ದಿರಿ, ಮೂರನೆಯದು ತಿದ್ದಿಕೊಳ್ಳುವುದಕ್ಕೆ ಕೊಡುವ ಅವಕಾಶ. ನಾನು ಮೂರಕ್ಕೂ ಹೂಂ ಅಂದೆ. ಇಡೀ ಕ್ಲಾಸಿನ ಮುಂದೆ ನನ್ನ ನೀರಿಳಿಸಿದಿರಿ. ಅವತ್ತು ಸಂಜೆ ಅಮ್ಮ ನಿಮ್ಮನ್ನು ತರಾಟೆಗೆ ತೆಗೆದುಕೊಂಡಾಗ ನೀವು ಹೇಳಿದ ಮಾತು ನನಗೆ ಗೋಡೆಯಾಚೆ ಕೇಳಿಸಿತ್ತು: "ಹಿಂದಿನ ಬೆಂಚಿನ ರವೀನ ನಾನು ಬೈಯೋದನ್ನೇ ಬಿಟ್ಟಿದೀನಿ ಕಣೇ. ಇನ್ನು ಆಗಲ್ಲ ಅಂತ ಗೊತ್ತಾದ್ಮೇಲೆ ಗಂಟಲು ಯಾಕೆ ನೋಯಿಸ್ಕೋಬೇಕು? ಇವಳು ಹಾಗಲ್ಲ." ಅತ್ತು ಊದಿದ್ದ ಮುಖದಲ್ಲೇ ನನಗೆ ಖುಷಿಯಾಗಿತ್ತು.

ಆ ಗೋರಿಯನ್ನು ನೀವು ತೋರಿಸಿದ್ದೂ ಅದೇ ವರ್ಷ. ಶ್ರೀರಂಗಪಟ್ಟಣದ ಹೊರಗೆ, ಹೊಳೆಯ ಪಕ್ಕದ ಬ್ರಿಟಿಷ್ ದೊರೆಗಳ ಸ್ಮಶಾನದಲ್ಲಿ ಡಂಕನ್ ಎಂಬ ಸ್ಕಾಟ್ಲೆಂಡಿನ ಸಿಪಾಯಿಯ ಕಲ್ಲು. ನಮ್ಮ ಕೋಟೆಗೆ ನುಗ್ಗಿದ ಪಡೆಯವನು. ಯುದ್ಧ ಮುಗಿದ ಮೇಲೆ ಜ್ವರ ಬಂದು ಸತ್ತವನು. "ಶತ್ರು ಅಲ್ವಾ ಸಾರ್?" ಎಂದು ಯಾರೋ ಕೇಳಿದರು. "ಹತ್ತೊಂಬತ್ತು ವರ್ಷ ಕಣೋ ಅವನಿಗೆ. ಅವರಮ್ಮನಿಗೆ ಯಾರು ಹೋಗಿ ಹೇಳಿರ್ತಾರೆ?" ಎಂದು ತೆಂಗಿನ ನಾರಿನಿಂದ ಪಾಚಿ ಉಜ್ಜುತ್ತಾ ಹೇಳಿದಿರಿ. ಕಲ್ಲಿನ ಮೇಲೆ ಅವನ ಊರಿನ ಹೆಸರಿತ್ತು. ಒಂದು ಸಲ ಆ ಊರು ನೋಡಬೇಕು, ಅಲ್ಲಿಗೆ ಇಲ್ಲಿನ ಒಂದು ಹಿಡಿ ಮಣ್ಣು ಮುಟ್ಟಿಸಬೇಕು ಎನ್ನುವುದು ನಿಮ್ಮ ಹುಚ್ಚು. ಅಮ್ಮ ಹಾಗೇ ಅನ್ನುತ್ತಿದ್ದಳು.

ಎರಡು ಸಾವಿರದ ಹದಿನಾಲ್ಕರ ಜುಲೈ. ಅಮ್ಮ ಹೋದಮೇಲೆ ನೀವು ಮೊದಲ ಸಲ ಸ್ವೀಡನ್ನಿಗೆ ಬಂದಿದ್ದಿರಿ. ಸ್ಕಾಟ್ಲೆಂಡಿಗೆ ಐದು ದಿನದ ಟಿಕೆಟ್ ಮಾಡಿಸಿದ್ದು ನಾನೇ. "ವೀಸಾ ಒಂದ್ಸಲ ನೋಡ್ಬಿಡಮ್ಮ ಶೈಲಾ" ಎಂದು ಎರಡು ಸಲ ಹೇಳಿದಿರಿ. "ಅಯ್ಯೋ, ಇಡೀ ಯುರೋಪಿಗೆ ಒಂದೇ ವೀಸಾ ಅಪ್ಪ, ನಿಮಗೆ ಗೊತ್ತಾಗಲ್ಲ ಸುಮ್ನಿರಿ" ಅಂದೆ. ನನ್ನದು, ಗಿರೀಶನದು, ಮಗಳು ಸಿರಿಯದು ಮೂರೂ ಸ್ವೀಡನ್ ಪಾಸ್‌ಪೋರ್ಟ್ ಆಗಿ ಎರಡು ವರ್ಷವಾಗಿತ್ತು ನೋಡಿ, ವೀಸಾ ಎಂದರೆ ಏನೆಂದೇ ಮರೆತುಹೋಗಿತ್ತು. ಆರ್ಲಾಂಡಾ ಏರ್‌ಪೋರ್ಟಿನ ಕೌಂಟರಿನ ಹುಡುಗಿ ನಿಮ್ಮ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ "ತಿವ್ಯಾರ್" ಅಂದಳು. ಕ್ಷಮಿಸಿ, ಆಗಲ್ಲ. ಬ್ರಿಟನ್ನಿನ ವೀಸಾ ಬೇರೆಯೇ ಬೇಕು.

ಆ ಹೊತ್ತಿನಲ್ಲಿ ನಿಮ್ಮ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಒಂಬತ್ತು ವರ್ಷದ ಸಿರಿ ಅಳತೊಡಗಿದಳು. "ನೀವು ಹೋಗ್ಬನ್ನಿ, ಮಗು ಆಸೆ ಪಟ್ಟಿದೆ" ಅಂದಿರಿ. ಗಿರೀಶ, "ಮಾವ, ನಾನು ಉಳ್ಕೋತೀನಿ, ಅವರಿಬ್ರೂ ಹೋಗ್ಲಿ" ಎಂದ. ಹಾಗೆನ್ನಬೇಕಾದವಳು ನಾನು. ನಿಜ ಹೇಳಲೇ? ನಿಮ್ಮ ಮಂಡಿನೋವಿನ ನಡಿಗೆ ಜೊತೆಗಿರುವುದಿಲ್ಲವಲ್ಲ ಎಂದು ಎಲ್ಲೋ ಒಂದು ಕಡೆ ಹಗುರವಾಗಿತ್ತು. ಬೇಡ ಬೇಡ ಎಂದು ನೀವೇ ಗಿರೀಶನನ್ನೂ ನಮ್ಮ ಜೊತೆಗೆ ಅಟ್ಟಿದಿರಿ. ಅವನು ನಿಮ್ಮನ್ನು ವೆಸ್ಟೆರಾಸಿನ ಬಸ್ಸು ಹತ್ತಿಸಿ ಬಂದ. ಹೊರಡುವ ಮುಂಚೆ ನನ್ನ ಕೈಗೆ ಎರಡು ವಸ್ತು ಕೊಟ್ಟಿರಿ. ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಡಂಕನ್ನನ ಗೋರಿಯ ಮಣ್ಣು. ಮತ್ತೆ ಒಂದು ನೋಟ್‌ಬುಕ್: ಯಾವ ಜಾಗದಲ್ಲಿ ಏನು ನಡೆಯಿತು ಎಂದು ಸಿರಿಗೆ ಓದಿ ಹೇಳಲು ಬರೆದದ್ದು.

ಸೆಕ್ಯುರಿಟಿ ಸಾಲಿನಲ್ಲಿ ಡಬ್ಬಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಈ ಪುಡಿ ಏನು ಎಂದು ಕೇಳಿದರೆ ಏನು ಹೇಳಲಿ? ಗೋರಿಯ ಮಣ್ಣು ಅನ್ನಲೇ? ಯಾರೂ ಕೇಳಿರಲಿಲ್ಲ ಅಪ್ಪ. ಕೇಳುವ ಮುಂಚೆಯೇ ಹೆದರಿ ಕಸದ ಬುಟ್ಟಿಗೆ ಸುರಿದೆ. ಪಕ್ಕದಲ್ಲಿ ಯಾರದೋ ಅರ್ಧ ತಿಂದ ಬನ್ನು ಬಿದ್ದಿತ್ತು. ಡಬ್ಬಿಯನ್ನು ಮಾತ್ರ ಒರೆಸಿ ಬ್ಯಾಗಿಗೆ ಹಾಕಿಕೊಂಡೆ.

ಎಡಿನ್‌ಬರೋದಲ್ಲಿ ಏನು ನೋಡಿದೆವು ಅನ್ನುತ್ತೀರಿ? ಕಲ್ಲು ಹಾಸಿದ ಏರುಬೀದಿ, ತುದಿಯಲ್ಲಿ ಕೋಟೆ. ಮೂಲೆಯಲ್ಲೊಬ್ಬ ಚೌಕಳಿ ಲಂಗ ತೊಟ್ಟು ಚೀಲದ ವಾದ್ಯ ಊದುತ್ತಿದ್ದರೆ ಸಿರಿ ಕಿವಿ ಮುಚ್ಚಿಕೊಂಡಳು. ಮನೆಗಳ ನಡುವಿನ ಕಿರುಗಲ್ಲಿಗಳಲ್ಲಿ ಫೋಟೋ ತೆಗೆದೆವು. ಎರಡು ಹೊತ್ತೂ ಆಲೂಗಡ್ಡೆ ಚಿಪ್ಸು. ಕೋಟೆಯೊಳಗೆ ಸಿರಿ, "ಅಜ್ಜನ ಬುಕ್ ಓದು ಮಮ್ಮಾ" ಎಂದಳು. "ಹೋಟೆಲಿಗೆ ಹೋಗಿ ಓದೋಣ" ಅಂದೆ. ಓದಲಿಲ್ಲ. ಮಾರನೇ ದಿನ ದೊಡ್ಡ ಸರೋವರದಲ್ಲಿ ದೋಣಿ ಹತ್ತಿ ಬೆಟ್ಟಗಳನ್ನು ನೋಡಿದೆವು. ಡಂಕನ್ನನ ಊರು ಇನ್ನೂ ಉತ್ತರಕ್ಕೆ ನಾಲ್ಕು ಗಂಟೆಯ ದಾರಿ. ಹೋಗಲಿಲ್ಲ.

ವಾಪಸ್ ಬಂದ ದಿನ ನೀವು ಬಾಲ್ಕನಿಯಲ್ಲಿ ಕಾಫಿ ಹಿಡಿದು ಕಾಯುತ್ತಿದ್ದಿರಿ. ಹೊರಡುವ ಮುಂಚೆ ಮಿಕ್ಕಿ ಫ್ರಿಜ್ಜಿನಲ್ಲಿದ್ದ ಸಾರು ಅರ್ಧ ಹಾಗೇ ಇತ್ತು. ಖಾಲಿ ಡಬ್ಬಿ ನಿಮ್ಮ ಕೈಗಿಟ್ಟೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಆ ಊರಿನ ಚರ್ಚಿನ ಬಾಗಿಲ ಪಕ್ಕ ಮಣ್ಣು ಹಾಕಿದೆ, ಅಲ್ಲಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು ನಿಮ್ಮ ತಂದೆಗೆ ಪುಣ್ಯ ಬರಲಿ ಅಂದಳು... ಥೂ! ಬರೆಯುವುದಕ್ಕೇ ನಾಚಿಕೆಯಾಗುತ್ತದೆ.

"ಅಜ್ಜಿ ಅದೇ ಊರಿನವಳಾ?" ಎಂದಿರಿ.

"ಹೂಂ, ಅಲ್ಲೇ ಹುಟ್ಟಿ ಬೆಳೆದವಳಂತೆ."

"ಚರ್ಚಲ್ಲಿ ಗಂಟೆ ಇತ್ತಾ?"

"ಇತ್ತಪ್ಪ, ನಾವಿದ್ದಾಗಲೇ ಹೊಡೀತು."

ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡಿರಿ. "ಮಣ್ಣು ನೀನೇ ಕೈಯಾರೆ ಹಾಕಿದ್ಯೇನಮ್ಮ?"

"ಹೂಂ ಅಪ್ಪ, ನಾನೇ."

"ಒಳ್ಳೇದಾಯ್ತು ಬಿಡು" ಎಂದು ಎದ್ದು ಹೋಗಿ ಲೋಟ ತೊಳೆದಿರಿ. ಅಬ್ಬ, ಪಾರಾದೆ ಅಂದುಕೊಂಡೆ. ಮೂರು ಪ್ರಶ್ನೆ ಎಂದು ನನಗೆ ಹೊಳೆಯಲೇ ಇಲ್ಲ.

ಎರಡು ವರ್ಷದ ಮೇಲೆ ನೀವು ಹೋದ ಸುದ್ದಿ ಬಂದಾಗ ನಾನು ಆಫೀಸಿನಲ್ಲಿ ಫೀಕಾ ಎಂಬ ಇಲ್ಲಿನ ಕಾಫಿ ವಿರಾಮದಲ್ಲಿ ಕಾಫಿ ಕುಡಿಯುತ್ತಾ ಯಾರದೋ ಜೋಕಿಗೆ ನಗುತ್ತಿದ್ದೆ. ನಾನು ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಮ್ಮ ಮೇಜಿನ ಮೇಲೆ ಆ ಸ್ಟೀಲ್ ಡಬ್ಬಿ ಇತ್ತು. ಎತ್ತಿಕೊಂಡು ಬಂದೆ. ಹೋದ ಚಳಿಗಾಲ ನೆಲಮಾಳಿಗೆಯ ಸ್ಟೋರಿನಿಂದ ಹಳೇ ಸೂಟ್‌ಕೇಸ್ ತೆಗೆದರೆ ಜಿಪ್ಪಿನ ಜೇಬಿನಲ್ಲಿ ನಿಮ್ಮ ನೋಟ್‌ಬುಕ್. ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ. ಕೊನೆಯ ಪುಟ ಡಂಕನ್ನನ ಊರಿನದು.

"ಈ ಊರು ಈಗ ಇಲ್ಲ. ಅವನು ಸತ್ತ ಕೆಲವೇ ವರ್ಷಗಳಲ್ಲಿ ಜಮೀನುದಾರರು ಕುರಿ ಮೇಯಿಸಲು ಎಲ್ಲರನ್ನೂ ಎಬ್ಬಿಸಿದರು. ಮಗನನ್ನು ದಂಡಿಗೆ ಕಳಿಸಿದ ಮನೆಗಳಿಗೇ ಬೆಂಕಿಯಿಟ್ಟರು. ಚರ್ಚೂ ಉಳಿದಿಲ್ಲ, ಮೋಟುಗೋಡೆಗಳಿವೆ. ಇದನ್ನು ಶೈಲಾ ಓದಲಿ. ಅವಳ ಗಂಟಲು ದೊಡ್ಡದು, ಬಯಲಿನಲ್ಲೂ ಕೇಳಿಸುತ್ತದೆ."

ಅಪ್ಪಾ, ಇಲ್ಲದ ಚರ್ಚಿನ ಗಂಟೆ ಹೊಡೆಸಿದೆನಲ್ಲ ನಾನು! ಒಂದು ಮಾತು ಬೈಯಬಾರದಿತ್ತೇ? ಕ್ಲಾಸಿನಲ್ಲಿ ನೀರಿಳಿಸಿದಂತೆ ಗಿರೀಶನ ಮುಂದೆ, ಸಿರಿಯ ಮುಂದೆ ಇಳಿಸಬಾರದಿತ್ತೇ? ಮಗಳ ಮನೆಯಲ್ಲಿ ನೆಂಟರಂತೆ ಇದ್ದು ಹೋದಿರಾ? ಇಲ್ಲವೇ ಆ ಹಿಂದಿನ ಬೆಂಚಿನವನ ಹಾಗೆ ನನ್ನನ್ನೂ...

ಈ ಜೂನ್‌ನಲ್ಲಿ ಡಂಕನ್ನನ ಊರಿಗೆ ಹೋಗಿದ್ದೆವು. ಅದಕ್ಕೂ ಮುಂಚೆ ನಿಮ್ಮ ತಿಥಿಗೆಂದು ಊರಿಗೆ ಬಂದಾಗ ಅದೇ ಡಬ್ಬಿಗೆ ಅದೇ ಗೋರಿಯ ಮಣ್ಣು ತುಂಬಿಕೊಂಡಿದ್ದೆ. ಆರ್ಲಾಂಡಾದಲ್ಲಿ ಸೆಕ್ಯುರಿಟಿಯವನು ಡಬ್ಬಿ ತೆಗೆದು ಏನಿದು ಎಂದ. ನಮ್ಮೂರಿನ ಗೋರಿಯೊಂದರ ಮಣ್ಣು ಅಂದೆ. ಮುಚ್ಚಳ ಹಾಕಿ ವಾಪಸ್ ಕೊಟ್ಟ. ಅಷ್ಟೇ. ಅಷ್ಟೇ ಇದ್ದದ್ದು ಅಪ್ಪ.

ಕಣಿವೆಯಲ್ಲಿ ಜರೀಗಿಡ, ಗಾಳಿ, ಮೊಣಕಾಲೆತ್ತರದ ಗೋಡೆಗಳು, ಕುರಿಗಳು. ಹದಿಮೂರು ವರ್ಷದ ಸಿರಿಗೆ ಎಲ್ಲವನ್ನೂ ಅಲ್ಲೇ ಹೇಳಿದೆ, ಕಸದ ಬುಟ್ಟಿಯನ್ನೂ ಬಿಡದೆ. ಅವಳು ಸ್ವೀಡಿಷ್‌ನಲ್ಲಿ ಒಂದೇ ಮಾತು ಕೇಳಿದಳು: "ಅಜ್ಜ ಆ ಐದು ದಿನ ಮನೆಯಲ್ಲಿ ಒಬ್ಬರೇ ಏನು ಮಾಡಿದರು?" ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಆಮೇಲೆ ಮಣ್ಣು ಹಾಕಿದೆ. ನಿಮ್ಮ ಪುಟವನ್ನು ಗಂಟಲು ಹರಿಯುವಷ್ಟು ಗಟ್ಟಿಯಾಗಿ ಓದಿದೆ. ಕುರಿಗಳು ತಲೆಯೆತ್ತಿ ನೋಡಿದವು.

ಈಗ ಮೂರನೇ ಸಲ ಕೇಳಿದಿರಿ ಎಂದುಕೊಂಡು ಉತ್ತರ ಬರೆಯುತ್ತಿದ್ದೇನೆ. ಇಲ್ಲ ಅಪ್ಪ, ಅವತ್ತು ಹಾಕಿರಲಿಲ್ಲ. ಚೆಲ್ಲಿದ್ದೆ. ಎದ್ದು ನಿಂತಿದ್ದೇನೆ, ಬೈಯಿರಿ.

ನಿಮ್ಮ
ಶೈಲಾ