ಐದನೇ ರೌಂಡಿನ ಬಗ್ಗೆ ಭುವನ್‌ಗೆ

ಕಾವೂರು, ಮಂಗಳೂರು
17 ಆಗಸ್ಟ್ 2025, ಆದಿತ್ಯವಾರ

ಪ್ರೀತಿಯ ಭುವನ್‌ಗೆ ನಿನ್ನ ಮಾವ ಗಿರಿಯಪ್ಪ ಬರೆಯುವುದು,

ಇಲ್ಲಿ ನಿನ್ನ ಅಮ್ಮ ಸುಂದರಿ, ತಂಗಿ ಅಕ್ಷಿತಾ, ನಾನು ಎಲ್ಲರೂ ಸೌಖ್ಯ. ಒಂದೂವರೆ ವರ್ಷ ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆಂದು ಮುನಿಯಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಮೆಸೇಜು ಹಾಕಿದರೆ ಒಂದೇ ಗೀಟು ಬೀಳುತ್ತದೆ. ಅಲ್ಲಿ ನೆಟ್‌ವರ್ಕ್ ಇಲ್ಲವೇನೋ ಎಂದುಕೊಂಡಿದ್ದೆ. ಅಕ್ಷಿತಾಳ ಮೆಸೇಜಿಗೆ ಎರಡು ಗೀಟು ಬೀಳುವುದನ್ನು ನೋಡಿದ ಮೇಲೆ ನೀನು ನನ್ನನ್ನು ಬ್ಲಾಕ್ ಮಾಡಿದ್ದೀ ಎಂದು ಅರ್ಥವಾಯಿತು. ಪಕ್ಕದ ಮನೆಯ ಹಸೈನಾರ್ ರಜೆ ಮುಗಿಸಿ ಗುರುವಾರ ನೀನಿರುವ ಶಾರ್ಜಾಕ್ಕೆ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕಳುಹಿಸುತ್ತೇನೆ. ಒಳ್ಳೆಯವನೇ. ಆದರೂ ಲಕೋಟೆಗೆ ಎರಡು ಸಲ ಗೋಂದು ಹಚ್ಚಿ, ಅಂಟಿದ ಜಾಗದ ಮೇಲೆ ಅಡ್ಡಲಾಗಿ ಸಹಿ ಹಾಕುತ್ತೇನೆ. ಸಹಿ ಒಡೆದಿದ್ದರೆ ನನಗೆ ತಿಳಿಸು.

ಈ ಏರ್ಪಾಟು ಕೇಳಿ ನಿನ್ನ ಅಮ್ಮ, "ಅಣ್ಣ, ದೇವರೇ ಎದುರು ಬಂದು ನಿಂತರೂ ನೀನು ಆಧಾರ್ ಕಾರ್ಡ್ ಕೇಳ್ತಿ" ಎಂದಳು. ಕೇಳಿದರೆ ತಪ್ಪೇನು? ಬಂದರಿನ ದಕ್ಕೆಯಲ್ಲಿ ಇಪ್ಪತ್ತು ವರ್ಷ ಮೀನು ತೂಗಿದವನು ನಾನು. ತಕ್ಕಡಿಗೆ ಹೆಬ್ಬೆರಳು ತಾಗಿಸದ ಮನುಷ್ಯನನ್ನು ಇನ್ನೂ ಕಂಡಿಲ್ಲ.

ಬೋಟುಗಳು ಕಡಲಿಗೆ ಇಳಿದು ಎರಡು ವಾರವಾಯಿತು. ಬಂಗುಡೆ ಚೆನ್ನಾಗಿ ಬರುತ್ತಿದೆ. ಅಕ್ಷಿತಾಳಿಗೆ ಬಲ್ಮಠದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಪಂಪ್‌ವೆಲ್‌ನ ನಮ್ಮ ಬಾಕ್ಸಿಂಗ್ ಜಿಮ್ಮಿಗೆ ಬೀಗ ಹಾಕಿದ್ದೇನೆ. ನೀನಿಲ್ಲದೆ ಬಾಗಿಲು ತೆರೆಯಲು ಮನಸ್ಸು ಬರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಅಕ್ಷಿತಾ ಊಟಕ್ಕೆ ಕುಳಿತವಳು ಎದ್ದು ಹೋಗಿ ಅತ್ತಳು. ಎಂತ ಆಯಿತೆಂದು ನಾನು ಬಿಡದೆ ಕೇಳಿದ ಮೇಲೆ, ನಿನ್ನ ಎಡಗಣ್ಣಿಗೆ ಅಲ್ಲಿ ಎರಡನೇ ಆಪರೇಷನ್ ಆಯಿತು, ಅದೂ ಫಲ ಕೊಡಲಿಲ್ಲ, ಇನ್ನು ಆ ಕಣ್ಣು ಬರುವುದಿಲ್ಲ ಎಂದಳು. ನನ್ನ ಬಾಯಿಂದ ಮೊದಲು ಬಂದ ಮಾತು ಯಾವುದು ಗೊತ್ತಾ? "ರಿಪೋರ್ಟ್ ಉಂಟಾ?" ಎಂದೆ. ಅವಳು ಮೊಬೈಲನ್ನು ನನ್ನ ಎದುರಿಗೆ ಇಟ್ಟಳು. ರೆಟಿನಾ ಮೊದಲೇ ಸ್ವಲ್ಪ ಹರಿದಿತ್ತಂತೆ, ಆಮೇಲೆ ಬಿದ್ದ ದೊಡ್ಡ ಪೆಟ್ಟಿಗೆ ಪೂರ್ತಿ ಕಿತ್ತು ಬಂದಿತಂತೆ. ತಾರೀಕುಗಳನ್ನೆಲ್ಲ ಎರಡೆರಡು ಸಲ ಓದಿದೆ. ಆ ಪೆಟ್ಟು ಯಾವ ದಿನದ್ದೆಂದು ನಿನಗೂ ಗೊತ್ತು, ನನಗೂ ಗೊತ್ತು.

ಭುವನ್, ನಿನ್ನ ಅಪ್ಪ ಹೋದಾಗ ನಿನಗೆ ಹನ್ನೆರಡು ವರ್ಷ. ಶಾಲೆಯಲ್ಲಿ ಕಂಡವರಿಗೆಲ್ಲ ಹೊಡೆದು ಬರುತ್ತಿದ್ದೆ. ಹೇಗೂ ಹೊಡೆಯುತ್ತೀ, ಸರಿಯಾಗಿಯಾದರೂ ಹೊಡಿ ಎಂದು ನೌಕಾಪಡೆಯಲ್ಲಿ ಅಡುಗೆಯವನಾಗಿದ್ದಾಗ ನಾನು ಕಲಿತ ನಾಲ್ಕು ಪೆಟ್ಟುಗಳನ್ನು ನಿನಗೆ ಹೇಳಿಕೊಟ್ಟೆ. ಐದನೆಯದನ್ನು ನೀನೇ ಕಂಡುಕೊಂಡೆ. ಜಿಲ್ಲೆ, ಯೂನಿವರ್ಸಿಟಿ, ರಾಜ್ಯ, ಎಲ್ಲ ಕಡೆ ಚಿನ್ನ. ವೆಲ್ಟರ್‌ವೇಟ್ ತೂಕಕ್ಕೆ ಇಳಿಯಲು ನೀನು ರೇನ್‌ಕೋಟು ತೊಟ್ಟು ಕಾವೂರು ಕೆರೆಯ ಸುತ್ತ ಓಡುತ್ತಿದ್ದೆ, ನಾನು ಹಿಂದಿನಿಂದ ಸ್ಕೂಟರಿನಲ್ಲಿ ಬೈಯುತ್ತ ಬರುತ್ತಿದ್ದೆ. ಕಾಗದ ಕನ್ನಡದಲ್ಲಿ ಬರೆದರೂ ಬೈಯುವುದಕ್ಕೆ ತುಳುವೇ ಆಗಬೇಕು. ರಾಷ್ಟ್ರಮಟ್ಟದ ಕ್ವಾರ್ಟರ್ ಫೈನಲ್‌ನಲ್ಲಿ ಸೋತಾಗ ಜಡ್ಜುಗಳು ಮೋಸ ಮಾಡಿದರೆಂದು ನಾನು ಕೂಗಾಡಿದೆ. ನೀನು, "ಇಲ್ಲ ಮಾವ, ಅವನು ಚೆನ್ನಾಗಿ ಆಡಿದ" ಎಂದೆ. ಅದಕ್ಕೂ ನಿನಗೇ ಬೈದೆ.

ಆಮೇಲೆ ನೀನು ಪ್ರೊಫೆಷನಲ್ ಆದೆ. ಎಂಟು ಆಟ, ಎಂಟೂ ಗೆಲುವು. ಒಂಬತ್ತನೆಯದು ನಮ್ಮೂರಲ್ಲೇ, ಕಳೆದ ವರ್ಷ ಜನವರಿಯಲ್ಲಿ. ಗೆದ್ದಿದ್ದರೆ ಬ್ಯಾಂಕಾಕ್‌ನಲ್ಲಿ ಟೈಟಲ್ ಆಟ. ಆರು ರೌಂಡಿನ ಆ ಆಟದಲ್ಲಿ ಮೊದಲ ಮೂರು ನಿನ್ನವೇ. ನಾಲ್ಕನೆಯದರಲ್ಲಿ ಎದುರಾಳಿಯ ಬಲಗೈ ಬರುತ್ತಲೇ ಇತ್ತು, ನೀನು ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದೆ. ರೌಂಡ್ ಮುಗಿದಾಗ ನೀರು, ಟವೆಲು ಹಿಡಿದುಕೊಂಡಿದ್ದ ಬ್ರಯಾನ್ ನನ್ನ ತೋಳು ಹಿಡಿದು, "ಗಿರಿಯಪ್ಪಣ್ಣ, ಸಾಕು, ನಿಲ್ಲಿಸುವ" ಎಂದ. ಟವೆಲು ರಿಂಗಿನೊಳಗೆ ಎಸೆದರೆ ಆಟ ಅಲ್ಲಿಗೇ ನಿಲ್ಲುತ್ತದೆ, ನಾನು ಅದನ್ನು ಕಸಿದು ಅದರ ಮೇಲೆ ಕುಳಿತೆ. ಐದನೇ ರೌಂಡಿನಲ್ಲಿ ನಲವತ್ತು ಸೆಕೆಂಡಿಗೆ ನೀನು ಬಿದ್ದೆ.

ಬಿದ್ದವನನ್ನು ಎತ್ತುವ ಮೊದಲೇ ನನ್ನ ತಲೆಯೊಳಗೆ ಲೆಕ್ಕ ಶುರುವಾಗಿತ್ತು. ಗೆಲ್ಲುತ್ತಿದ್ದ ಆಟವನ್ನು ಬ್ರಯಾನ್ ಯಾಕೆ ನಿಲ್ಲಿಸಲು ಹೇಳಿದ? ಆಟಕ್ಕೆ ಮೊದಲು ಎದುರಾಳಿಯ ಕಡೆಯವರ ಜೊತೆ ಚಹಾ ಕುಡಿದದ್ದು ಯಾಕೆ? ಮರುದಿನ ಅವನನ್ನು ಕರೆದು, ಯಾರೋ ಒಳಗಿನವರೇ ದುಡ್ಡಿಗೆ ಆಟ ಮಾರಿದ್ದಾರೆ ಎಂದೆ. "ನಾನು ಎಂತ ಮಾಡಿಲ್ಲ ಮಾರಾಯ್ರೆ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡು ಅವನನ್ನು ಜಿಮ್ಮಿನಿಂದ ಓಡಿಸಿದೆ. ಈಗ ರಸ್ತೆಯಲ್ಲಿ ಕಂಡರೂ ಆ ಕಡೆ ತಿರುಗಿ ಹೋಗುತ್ತಾನೆ.

ಆಮೇಲೆ ನಿನ್ನ ಸರದಿ. ನೀನು ಎರಡು ದಿನ ಕೋಣೆಯ ಕಿಟಕಿ ಮುಚ್ಚಿ ಕುಳಿತದ್ದು, ಯಾರೊಡನೆಯೂ ಕಣ್ಣಿಗೆ ಕಣ್ಣಿಟ್ಟು ಮಾತಾಡದೆ ಇದ್ದದ್ದು, ಎಲ್ಲವೂ ನನಗೆ ಸಾಕ್ಷಿಯಾಗಿ ಕಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತಾಯಿಯ ಕಡೆಯಿಂದ ಮನೆತನ ನಡೆಯುವ ನಮ್ಮ ಅಳಿಯಕಟ್ಟಿನ ಮನೆಯಲ್ಲಿ ಮಾವನ ಮಾತೇ ಕೊನೆಯ ಮಾತು. ಆ ಅಧಿಕಾರದಲ್ಲಿ ನಿನ್ನನ್ನು ನಮ್ಮ ಕುಟುಂಬದ ದೈವದ ಚಾವಡಿಗೆ ಆಣೆ ಹಾಕಿಸಲು ಕರೆದುಕೊಂಡು ಹೋದೆ. ನಿನ್ನ ಅಮ್ಮ ದಾರಿಯುದ್ದಕ್ಕೂ, "ಬೇಡ ಅಣ್ಣ, ಆಣೆ ಎಂದರೆ ಮಕ್ಕಳಾಟ ಅಲ್ಲ" ಎನ್ನುತ್ತಿದ್ದಳು. ನಾನು ಕೇಳಲಿಲ್ಲ.

ಪೂಜೆಯ ಹಿರಿಯರು ದೀಪ ಹಚ್ಚಿ ನಿನ್ನ ಕೈಗೆ ಗಂಧ ಕೊಟ್ಟರು. ನೀನು, "ನಾನು ಆಟ ಮಾರಿಲ್ಲ, ಯಾರಿಂದಲೂ ಏನೂ ತೆಗೆದುಕೊಂಡಿಲ್ಲ" ಎಂದೆ. ಅಷ್ಟಕ್ಕೆ ಮುಗಿಯಿತೆಂದು ನಾನು ಎದ್ದೆ. ಅವರು ನನ್ನನ್ನು ತಡೆದು, "ಗಿರಿಯಪ್ಪಣ್ಣ, ಇಲ್ಲಿ ಆಣೆ ಹಾಕಿಸಿದವರೂ ಮುಚ್ಚಿಡಬಾರದು. ನಿಮಗೆ ಗೊತ್ತಿದ್ದದ್ದು ಎಂತಾದರೂ ಉಂಟಾ?" ಎಂದು ಕೇಳಿದರು. ಇಲ್ಲ ಎಂದೆ. ನೀನು ತಲೆಯೆತ್ತಿ ನನ್ನನ್ನೇ ನೋಡಿದೆ. ಆಮೇಲೆ ಗಂಧವನ್ನು ಹಣೆಗೆ ಹಚ್ಚಿಕೊಂಡು ಹೊರಗೆ ನಡೆದೆ. ಎರಡೇ ತಿಂಗಳಲ್ಲಿ ನಿನಗೆ ವೀಸಾ ಬಂತು. ಏರ್‌ಪೋರ್ಟಿನಲ್ಲಿ ಅಮ್ಮನ ಕಾಲು ಮುಟ್ಟಿದೆ, ನನ್ನದನ್ನು ಮುಟ್ಟಲಿಲ್ಲ.

ಕ್ಷಮಿಸು ಎಂದು ಬರೆಯಲು ಮೂರು ಹಾಳೆ ಹರಿದೆ. ನೀನು ಆಟ ಮಾರಿಲ್ಲ. ಬ್ರಯಾನ್ ಮಾರಿಲ್ಲ. ಯಾರೂ ಮಾರಿಲ್ಲ. ಒಂದು ಸಲ ಊರಿಗೆ ಬಾ, ಮಗ. ಇಲ್ಲಿಯೂ ಕಣ್ಣಿನ ಡಾಕ್ಟರುಗಳು ಇದ್ದಾರೆ, ಆ ರಿಪೋರ್ಟನ್ನು ಇನ್ನೊಬ್ಬರಿಗೆ ತೋರಿಸುವ. ನೋಡು, ಇಲ್ಲೂ ಅನುಮಾನ ಬಿಡಲಿಲ್ಲ ನಾನು. ಜಿಮ್ಮಿನ ಬೀಗದ ಕೈಯನ್ನು ನಿನಗೇ ಕೊಡುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೀನು ಇರುವಷ್ಟು ದಿನ ನಾನು ಮೂಲಮನೆಗೆ ಹೋಗಿ ಇರುತ್ತೇನೆ.

ನಿನ್ನ ಬಲಗಣ್ಣನ್ನು ದೈವ ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಈಗ ತೂಕ ಇಳಿಸುವ ಹಂಗಿಲ್ಲ, ಹೊಟ್ಟೆ ತುಂಬ ತಿನ್ನು.

ನಿನ್ನ ಮಾವ,
ಗಿರಿಯಪ್ಪ

ಮರೆತದ್ದು (20ನೇ ತಾರೀಕು, ಬುಧವಾರ): ಮರೆತದ್ದು ಎಂದು ಬರೆದದ್ದೂ ಸುಳ್ಳು. ಅಂಟಿಸಿದ ಲಕೋಟೆಯನ್ನು ನಾನೇ ಒಡೆದೆ. ಸಹಿ ಒಡೆದದ್ದಕ್ಕೆ ಹಸೈನಾರ್‌ನನ್ನು ದೂರಬೇಡ.

ನಾಲ್ಕನೇ ರೌಂಡ್ ಮುಗಿದು ನೀನು ಸ್ಟೂಲಿನ ಮೇಲೆ ಕುಳಿತಾಗ ನನ್ನ ಕಿವಿಗೆ ಬಾಯಿಟ್ಟು, "ಮಾವ, ಎಡಗಣ್ಣು ಕಾಣುವುದಿಲ್ಲ" ಎಂದೆಯಲ್ಲ, ಅದು ನನಗೆ ಕೇಳಿಸಿತ್ತು. ಗದ್ದಲವಿತ್ತು, ಆದರೂ ಸ್ಪಷ್ಟವಾಗಿ ಕೇಳಿಸಿತ್ತು. ಇನ್ನು ಎರಡೇ ರೌಂಡು, ಆಮೇಲೆ ಬ್ಯಾಂಕಾಕ್ ಎಂದು ನಿನ್ನ ಬೆನ್ನು ತಟ್ಟಿ ಎಬ್ಬಿಸಿದೆ. ನೀನು ಆಟ ಮಾರಿದ್ದೀ ಎಂದು ನಂಬಿದರೆ ಮಾತ್ರ ನಾನು ಅದನ್ನು ಕೇಳಿಸಿಕೊಳ್ಳದವನ ಹಾಗೆ ಇರಬಹುದಿತ್ತು. ಚಾವಡಿಯಲ್ಲಿ ಇಲ್ಲ ಎಂದೆನಲ್ಲ, ಆಗಲೂ ಅದೇ ಮಾತು ಕಿವಿಯಲ್ಲಿತ್ತು. ಅಮ್ಮ ಪಕ್ಕದಲ್ಲಿದ್ದಳೆಂದು ನೀನು ಬಾಯಿ ಬಿಡಲಿಲ್ಲ, ನನ್ನ ಮಾನ ಉಳಿಸಿದೆ.

ಇವತ್ತು ಬೆಳಿಗ್ಗೆ ಸುಂದರಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಮೀನು ಕೊಯ್ಯುತ್ತಿದ್ದ ಕೈ ನಿಲ್ಲಿಸಿ, "ಕೇಳಿಸಿದ ಮೇಲೂ ಕಳಿಸಿದೆಯಾ, ಅಣ್ಣ?" ಎಂದು ಕೇಳಿದಳು.

ಹೌದು ಎಂದೆ.