ಅದು ನೆತ್ತರಲ್ಲ, ಕುರ್ದಿ ನೀರು

ಪರ್ವತದ ಮೇಲೆ ನಮ್ಮೆಲ್ಲರ ಜೀವ ಕಾಯುವ ಮಾನ್ಯ ಅಧಿಕಾರಿಗಳೇ,

ನೀವು ನನ್ನ ಸ್ಕೀ ಪಾಸನ್ನು ಈ ಸೀಸನ್ ಮುಗಿಯುವವರೆಗೆ ರದ್ದು ಮಾಡಿದ್ದೀರಿ. "ಕೃತಕ ರಕ್ತ ಸುರಿದು ರಕ್ಷಣಾ ಸಿಬ್ಬಂದಿಯನ್ನು ಬೇಕೆಂದೇ ದಾರಿ ತಪ್ಪಿಸಿದ್ದಕ್ಕಾಗಿ" ಎಂದು ನಿಮ್ಮ ಪತ್ರದಲ್ಲಿದೆ. ಅದನ್ನು ಮಗಳಿಂದ ಮೂರು ಸಲ ಓದಿಸಿ ಕೇಳಿದೆ. ಮೂರನೆಯ ಸಲಕ್ಕೆ ನಗು ಬಂತು. ಐವತ್ತು ವರ್ಷದ ನಾನು, ಶುಕ್ರವಾರ ತಲೆಗೆ ನೀರು ಹಾಕಿಕೊಳ್ಳದೆ ಒಲೆ ಹಚ್ಚದವಳು, ಸುಳ್ಳು ನೆತ್ತರು ಹೊತ್ತುಕೊಂಡು ನಿಮ್ಮ ಗುಡ್ಡೆಯ ಲಿಫ್ಟ್ ಹತ್ತುವವಳ ಹಾಗೆ ಕಾಣುತ್ತೇನೆಯೇ? ನಿಮ್ಮ ಪತ್ರ ಅರ್ಥವಾಗಲು ನನಗೆ ಮಗಳು ಬೇಕಾದಳು. ಈ ಪತ್ರವನ್ನು ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಹಾಕಿಸುತ್ತಿದ್ದೇನೆ. ಅರ್ಥವಾಗಲು ನೀವೂ ಯಾರನ್ನಾದರೂ ಹುಡುಕಿಕೊಳ್ಳಿ. ಆಗ ಲೆಕ್ಕ ಸಮವಾಗುತ್ತದೆ.

ನಾನು ಕಲಿತದ್ದು ಉಡುಪಿ ಕಡೆಯ ಹಳ್ಳಿ ಶಾಲೆಯಲ್ಲಿ, ಏಳನೆಯವರೆಗೆ. ಈ ದೇಶಕ್ಕೆ ಬಂದ ಮೇಲೆ ಟೊರೆನ್ಸ್ ಊರಿನ ಒಂದು ಶಾಲೆಯ ಅಡಿಗೆಮನೆಯಲ್ಲಿ ಕೆಲಸ. ಸ್ಕೀ ಕಲಿತದ್ದು ಕೋವಿಡ್ ವರ್ಷದಲ್ಲಿ. ಆಗ ದೇವಸ್ಥಾನ ಮುಚ್ಚಿತ್ತು, ನಿಮ್ಮ ಗುಡ್ಡೆ ತೆರೆದಿತ್ತು. ದೇವರು ಯಾವ ಬಾಗಿಲು ತೆರೆದಿಡುತ್ತಾನೋ ಅಲ್ಲಿಗೆ ಹೋಗಬೇಕು ಎಂದು ನನ್ನ ನಂಬಿಕೆ. ನನ್ನ ಗಂಡ ಉಮಾನಾಥರ ನಂಬಿಕೆ ಬೇರೆ.

"ನಿಂಗೆ ಎಂತ ಮರ್ಲಾ? ಈ ಪ್ರಾಯದಲ್ಲಿ ಕೈ ಮುರ್ಕೊಂಡ್ರೆ ಮನೇಲಿ ಚಟ್ನಿ ಅರೆಯುದು ಯಾರು?" ಎಂದರು.

"ಮಿಕ್ಸಿ ಉಂಟಲ್ಲ, ನೀವು ಬಟನ್ ಒತ್ತಿದ್ರೆ ಸಾಕು" ಎಂದೆ.

ಹುಡುಗಿಯಾಗಿದ್ದಾಗ ತಲೆಯ ಮೇಲೆ ತರಗೆಲೆಯ ಹೊರೆ ಹೊತ್ತು ಮುರಕಲ್ಲಿನ ಗುಡ್ಡೆ ಇಳಿದವಳು ನಾನು. ಮಂಡಿ ಸಡಿಲ ಬಿಡಬೇಕು, ಕಾಲನ್ನು ನೋಡಬಾರದು, ಮುಂದಿನ ತಿರುವನ್ನು ನೋಡಬೇಕು. ನಿಮ್ಮ ಸ್ಕೀ ಮೇಷ್ಟ್ರು ಮೊದಲ ದಿನ ಹೇಳಿದ್ದೂ ಇದನ್ನೇ. ಹಾಗಾಗಿ ಯಂತ್ರದಿಂದ ಹಾಸಿಗೆಯ ಹಾಗೆ ಸಮ ಮಾಡಿದ ನಿಮ್ಮ ದಾರಿಗಳು ನನಗೆ ಎರಡೇ ವರ್ಷದಲ್ಲಿ ಸಪ್ಪೆಯಾದವು. ಮನಸ್ಸು ಹೋದದ್ದು ಪೂರ್ವದ ಗೇಟಿನಾಚೆ, ಎರಡು ಬಂಡೆಗಳ ನಡುವೆ ಇಳಿಯುವ ಓಣಿಗೆ. ಅಲ್ಲಿ ಯಂತ್ರ ಹೋಗುವುದಿಲ್ಲ. ಹಿಮ ಬಿದ್ದ ಹಾಗೆ ಇರುತ್ತದೆ. ಮೊದಲ ತಿರುವು ಹಾಕುವಾಗಲೇ ಹಿಮ ಮಂಡಿಯವರೆಗೆ ಬಂದು ಹಿಡಿದುಕೊಳ್ಳುತ್ತದೆ, ಸದ್ದೇ ಇಲ್ಲ. ಕೆಳಗೆ ಬಂದು ನಿಂತಾಗ "ಅಮ್ಮಾ ತಾಯೇ" ಎಂಬುದು ತಾನಾಗಿಯೇ ಬಾಯಿಗೆ ಬರುತ್ತದೆ. ಇದನ್ನು ಹನ್ನೊಂದು ಸಲ ಇಳಿದಿದ್ದೇನೆ. ಹನ್ನೊಂದು ಸಲವೂ ಗೇಟು ತೆರೆದಿದ್ದಾಗಲೇ, ಹಿಮದಡಿ ಹೂತುಹೋದರೆ ಸಿಗ್ನಲ್ ಕೊಡುವ, ನೀವು ಹೇಳಿದ ಆ ಬೀಕನ್ ಯಂತ್ರ, ಸಲಿಕೆ ಎಲ್ಲ ಕಟ್ಟಿಕೊಂಡೇ.

ಈಗ ಆ ಶನಿವಾರದ ಕಥೆ. ನನ್ನ ಮಗಳು ರಮ್ಯಶ್ರೀ ಸ್ಯಾನ್ ಡಿಯೇಗೊದಲ್ಲಿ ಕೆಲಸ ಮಾಡುತ್ತಾಳೆ. ನನ್ನನ್ನು ಆ ಓಣಿಗೆ ಮೊದಲು ಕರೆದುಕೊಂಡು ಹೋದವಳೇ ಅವಳು. ಎರಡು ವರ್ಷದ ಹಿಂದೆ ಅಲ್ಲೇ ಬಿದ್ದು ಭುಜದೆಲುಬು ಮುರಿದುಕೊಂಡಳು. ಎಲುಬು ಎರಡು ತಿಂಗಳಲ್ಲಿ ಕೂಡಿತು, ಧೈರ್ಯ ಕೂಡಲಿಲ್ಲ. ಗುಡ್ಡೆಯ ಮಾತೆತ್ತಿದರೆ ಫೋನು ನೋಡುತ್ತಿದ್ದಳು. ಈ ಚಳಿಗಾಲ ಹೇಗೋ "ಓಕೆ ಅಮ್ಮಾ, ವಿಲ್ ಟ್ರೈ" ಎಂದಳು. ಎಂದಳೋ ಇಲ್ಲವೋ, ನಾನು ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿ ಅರಶಿನ, ಬೀಡಾ ಅಂಗಡಿಯಿಂದ ಸುಣ್ಣ ತಂದೆ.

ಅರಶಿನದ ನೀರಿಗೆ ಸುಣ್ಣ ಕಲಸಿದರೆ ಕೆಂಪಾಗುತ್ತದೆ. ನಮ್ಮಲ್ಲಿ ಅದಕ್ಕೆ ಕುರ್ದಿ ನೀರು ಎನ್ನುತ್ತಾರೆ. ಮದುಮಗಳಿಗೆ, ಬಾಣಂತಿಗೆ, ಪೆಟ್ಟಾಗಿ ಎದ್ದವರಿಗೆ ಅದನ್ನು ಸುಳಿದು, ಅಂದರೆ ನಿವಾಳಿಸಿ, ದೃಷ್ಟಿ ತೆಗೆಯುತ್ತೇವೆ. ಒಂದೇ ನಿಯಮ: ಸುಳಿದ ನೀರನ್ನು ಯಾರೂ ತುಳಿಯದ ಜಾಗಕ್ಕೆ ಚೆಲ್ಲಬೇಕು. ತುಳಿದವರಿಗೆ ದೃಷ್ಟಿ ಅಂಟುತ್ತದೆ.

ಓಣಿಯ ಮೇಲ್ತುದಿಯಲ್ಲಿ ಮಗಳನ್ನು ನಿಲ್ಲಿಸಿ, ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿ ಸುಳಿದೆ. "ನಾಯಿ ಕಣ್ಣು, ನರಿ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು..."

"ಅಮ್ಮಾ, ಪೀಪಲ್ ಆರ್ ವಾಚಿಂಗ್!"

"ನೋಡ್ಲಿ. ಅವರ ಕಣ್ಣೂ ಇದರಲ್ಲೇ ಹೋಗ್ತದೆ. ಅಲುಗಾಡ್ಬೇಡ."

ಮುಚ್ಚಳದ್ದನ್ನೂ ಬಾಟಲಿಯಲ್ಲಿ ಉಳಿದದ್ದನ್ನೂ ಬಂಡೆಯ ಕೆಳಗಿನ ಹಿಮಕ್ಕೆ ಚೆಲ್ಲಿದೆ. ಅಲ್ಲಿ ಮನುಷ್ಯರು ಕಾಲಿಡಲು ಸಾಧ್ಯವೇ ಇಲ್ಲ ಎಂದು ನೋಡಿಯೇ ಚೆಲ್ಲಿದೆ. ಮನುಷ್ಯರು ಕಾಲಿಡದ ಆ ಜಾಗಕ್ಕೆ ಮನುಷ್ಯರು ಬೀಳಬಹುದು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಇದು ನನ್ನ ತಪ್ಪು. ಒಪ್ಪಿದ್ದೇನೆ.

ರಮ್ಯಶ್ರೀ ಓಣಿಯನ್ನು ತುಂಬಾ ಹೊತ್ತು ನೋಡಿದಳು. "ನಾಟ್ ಟುಡೇ, ಅಮ್ಮಾ. ನೆಕ್ಸ್ಟ್ ಸ್ಯಾಟರ್ಡೇ. ಪ್ರಾಮಿಸ್." ನಾನು ಒತ್ತಾಯ ಮಾಡಲಿಲ್ಲ. ಇಬ್ಬರೂ ಹಿಂದೆ ತಿರುಗಿ ಹಾಸಿಗೆಯಂಥ ದಾರಿಯಲ್ಲೇ ಇಳಿದೆವು.

ನಿಮ್ಮವರು ನೋಡಿದ್ದೇನು? ತುದಿಯವರೆಗೆ ಸ್ಕೀಯ ಗುರುತು. ಬಂಡೆಯ ಕೆಳಗೆ ಕೆಂಪು. ಇಳಿದ ಗುರುತಿಲ್ಲ. ಯಾರಾದರೂ ಹೆದರುವುದೇ! ನಿಮ್ಮ ಹುಡುಗರು ಹಗ್ಗ ಕಟ್ಟಿಕೊಂಡು, ಕೋಲು ಚುಚ್ಚಿ, ಎರಡು ಗಂಟೆ ಹುಡುಕಿದರು. ಆ ಹೊತ್ತಿಗೆ "ಸತ್ತವರು" ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿ ತೆರೆದು ಗೋಳಿಬಜೆ ತಿನ್ನುತ್ತಿದ್ದರು. ಆ ಹುಡುಗರಿಗೆ ನಾನು ಕೈಮುಗಿದು ಕ್ಷಮೆ ಕೇಳುತ್ತೇನೆ. ಇದರಲ್ಲಿ ವ್ಯಂಗ್ಯವಿಲ್ಲ. ಚಳಿಯಲ್ಲಿ ಅವರು ಹುಡುಕಿದ್ದು ನನ್ನ ಮಗಳ ಹೆಣವನ್ನು. ಅಂಥವರ ಕಾಲಿಗೆ ಬಿದ್ದರೂ ಕಡಿಮೆಯೇ.

ಆದರೆ ಮಾನ್ಯರೇ, ಯಾರೋ ಕಾಣೆಯಾಗಿದ್ದಾರಂತೆ, ಹಿಮದ ಮೇಲೆ ರಕ್ತವಂತೆ ಎಂದು ಪಕ್ಕದ ಕಾರಿನವರು ಹೇಳಿದಾಗ ಬಜೆ ಕೆಳಗಿಟ್ಟು ನಿಮ್ಮ ಕಚೇರಿಗೆ ಓಡಿ ಬಂದವರು ಯಾರು? ಬೂಟು ಕೂಡ ಹಾಕಿರಲಿಲ್ಲ, ಸಾಕ್ಸಿನಲ್ಲೇ ಬಂದೆ. "ಅದು ರಕ್ತ ಅಲ್ಲ, ಅರಶಿನ" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ನಿಮ್ಮ ಕಡೆಯ ಒಬ್ಬ ಹುಡುಗಿ ಖಾಲಿ ಬಾಟಲಿ ಮೂಸಿ "ಕರ್ರಿ?" ಎಂದಳು. ಸತ್ಯದ ಹತ್ತಿರ ಬಂದದ್ದು ಅವಳೊಬ್ಬಳೇ! ದಾರಿ ತಪ್ಪಿಸಲು ಬಂದವಳು ತಾನಾಗಿ ಬಂದು ದಾರಿ ತೋರಿಸುತ್ತಾಳೆಯೇ? ಬಾಯಿ ಮುಚ್ಚಿಕೊಂಡು ಟೊರೆನ್ಸಿಗೆ ಡ್ರೈವ್ ಮಾಡಿಕೊಂಡು ಬಂದಿದ್ದರೆ ನನ್ನ ಪಾಸು ಇವತ್ತಿಗೂ ಕುತ್ತಿಗೆಯಲ್ಲಿರುತ್ತಿತ್ತು. ಸುಳ್ಳು ಹೇಳದವರಿಗೆ ನಿಮ್ಮ ಪರ್ವತದಲ್ಲಿ ಇದೇ ಬಹುಮಾನವಾದರೆ ಅದನ್ನೂ ಬೋರ್ಡಿನಲ್ಲಿ ಬರೆಸಿ, ಹಿಮಪಾತದ ಎಚ್ಚರಿಕೆಯ ಪಕ್ಕದಲ್ಲೇ.

ನನ್ನ ಬೇಡಿಕೆ ದೊಡ್ಡದಲ್ಲ. "ಬೇಕೆಂದೇ" ಎಂಬ ಮಾತನ್ನು ಪತ್ರದಿಂದ ತೆಗೆಯಿರಿ. ಹಿಮಕ್ಕೆ ಬಣ್ಣದ ನೀರು ಚೆಲ್ಲಬಾರದು ಎಂದು ನಿಯಮ ಮಾಡಿ, ಮೊದಲ ಸಹಿ ನನ್ನದು. ಕುರ್ದಿ ನೀರನ್ನು ಇನ್ನು ಮನೆಯ ಅಂಗಳದಲ್ಲೇ ಸುಳಿಯುತ್ತೇನೆ, ದೇವಿ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮ್ಮ ಹುಡುಗರ ಜೊತೆ ಸೀಸನ್ ಪೂರ್ತಿ ಗೇಟಿನಲ್ಲಿ ನಿಂತು ಸೇವೆ ಮಾಡು ಎಂದರೆ ಅದಕ್ಕೂ ತಯಾರು, ಊಟ ನಾನೇ ತರುತ್ತೇನೆ. ಆದರೆ ಪಾಸನ್ನು ಈ ಶನಿವಾರದೊಳಗೆ ತೆರೆಯಿರಿ. ಓಣಿಯಲ್ಲಿ ಹಿಮ ಇನ್ನು ಎರಡು ವಾರ ಇದ್ದರೆ ಹೆಚ್ಚು.

ರಮ್ಯಶ್ರೀಯ ಪಾಸನ್ನು ನೀವು ಮುಟ್ಟಿಲ್ಲ, ಒಬ್ಬಳೇ ಹೋಗಬಹುದು. ನಾನಿಲ್ಲದೆ ಹೋಗುವುದಿಲ್ಲ. ಮುಂದಿನ ವರ್ಷ ನೋಡೋಣ ಎಂದು ನಾನೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಎರಡು ವರ್ಷ ಗುಡ್ಡೆಯ ಮಾತನ್ನು ನಾನು ಎತ್ತುತ್ತಿದ್ದೆ, ಅವಳು ತಪ್ಪಿಸಿಕೊಳ್ಳುತ್ತಿದ್ದಳು. ಈ ವಾರ ಮೂರು ಸಲ ಅವಳೇ ಸ್ಯಾನ್ ಡಿಯೇಗೊದಿಂದ ಫೋನು ಮಾಡಿ, ಊಟ ಆಯಿತಾ ಎಂದು ಕೂಡ ಕೇಳದೆ, "ಅಮ್ಮಾ, ಎನಿ ನ್ಯೂಸ್ ಅಬೌಟ್ ಯುವರ್ ಪಾಸ್?" ಎಂದಿದ್ದಾಳೆ. ನಾಲ್ಕನೆಯ ಸಲ ಕೇಳುವಾಗ ನಾನು ಏನು ಹೇಳಲಿ, ಅದನ್ನಷ್ಟು ತಿಳಿಸಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಕಿಡಿಗೇಡಿ, ಸದ್ಯಕ್ಕೆ ಸಪಾಟು ನೆಲದ ನಿವಾಸಿ,
ಸ್ವರ್ಣಲತಾ
ಟೊರೆನ್ಸ್