ಸಾಲು ತಪ್ಪಿದ ಗಿಡ

ಮನೆಯಿಂದ,
ಹದಿನೇಳನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಅತ್ತೆ ಮಾಡುವ ಆಶೀರ್ವಾದಗಳು. ನಿನ್ನ ಕೆಮ್ಮು ಹೇಗಿದೆ? ತರಬೇತಿಯ ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತದೆಯೋ ಇಲ್ಲವೋ? ಬಾರದಿದ್ದರೆ ಬಾಯಿ ಬಿಟ್ಟು ಕೇಳು, ಕೇಳದೆ ಯಾರೂ ಕೊಡುವುದಿಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಮಾವನಿಗೆ ಮಂಡಿನೋವು, ಆದರೆ ಪಕ್ಕದ ಬೀದಿಗೆ ಕೇರಂ ಆಡಲು ಹೋಗುವಾಗ ಅದು ಮನೆಯಲ್ಲೇ ಉಳಿಯುತ್ತದೆ. ನಿನ್ನ ಗಂಡ ಒಲೆ ಹಚ್ಚುವುದನ್ನು ಕಲಿತಿದ್ದಾನೆ. ಆರಿಸುವುದನ್ನು ಇನ್ನೂ ಕಲಿಯಬೇಕು.

ವಾರಕ್ಕೆ ನಾಲ್ಕು ಸಲ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಳು ಎಂದುಕೊಳ್ಳಬೇಡ. ಫೋನಿನಲ್ಲೇ ಹೇಳಲು ಎರಡು ಸಲ ಬಾಯಿ ತೆರೆದೆ. ನೀನು ಅರ್ಧಕ್ಕೇ “ಪರವಾಗಿಲ್ಲ ಬಿಡಿ ಅತ್ತೆ” ಎಂದುಬಿಟ್ಟೆ. ಏನೆಂದು ಕೇಳದೆಯೇ ಪರವಾಗಿಲ್ಲ ಎನ್ನುವವಳ ಮುಂದೆ ತಪ್ಪು ಒಪ್ಪಿಕೊಳ್ಳುವುದಾದರೂ ಹೇಗೆ? ಕಾಗದವಾದರೆ ಪೂರ್ತಿ ಓದಲೇಬೇಕು.

ವಿಷಯ ನಿನ್ನ ಅಮ್ಮನ ಬೀಜದ್ದು. ಹೊರಡುವ ಹಿಂದಿನ ದಿನ ನೀನು ಹಿತ್ತಲ ಗೋಡೆಯ ಪಕ್ಕ ಮಣ್ಣು ಸಡಿಲಿಸಿ, ಆ ನಿಂಬೆ ವಾಸನೆಯ ಗಿಡದ ಬೀಜವನ್ನು ಸಾಸಿವೆ ಚೆಲ್ಲಿದ ಹಾಗೆ ಚೆಲ್ಲಿದೆ. “ಮೇಲೆ ಮಣ್ಣು ಮುಚ್ಚಬೇಡಿ ಅತ್ತೆ, ಅದಕ್ಕೆ ಬೆಳಕು ಬೇಕು” ಎಂದೆ. ಅದು ಒಂದೇ ವರ್ಷದ ಗಿಡ, ಬೀಜ ಬಿಟ್ಟು ಸತ್ತುಹೋಗುತ್ತದೆ, ಅಮ್ಮ ಪ್ರತಿ ವರ್ಷ ಬೀಜ ಎತ್ತಿಟ್ಟು ಬಿತ್ತುತ್ತಿದ್ದರು, ಹೂವು ಜೇನಿಗೆ, ಎಲೆ ಚಹಾಕ್ಕೆ, ಈಗ ಅವರಿಲ್ಲ, ಉಳಿದಿರುವ ಬೀಜ ಇಷ್ಟೇ ಎಂದೂ ಹೇಳಿದ್ದೆ. ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಾನು ಮಾಡಿದ ಘನಂದಾರಿ ಕೆಲಸ ಕೇಳು.

ನನ್ನ ಕೈ ನಿನಗೆ ಗೊತ್ತು. ಉಡುಪಿನ ಕಾರ್ಖಾನೆಯ ಚೆಕ್ಕಿಂಗಿನಲ್ಲಿ ಇಪ್ಪತ್ತೆಂಟು ವರ್ಷ ದಾರ ಕತ್ತರಿಸಿದ ಕೈ. ಹೊಲಿಗೆಯ ಸಾಲಿನಾಚೆ ಒಂದು ಎಳೆ ಕಂಡರೂ ಕತ್ತರಿ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಮೂರನೇ ವಾರ ನೋಡಿದರೆ, ನೀರಿನ ಪೈಪಿನುದ್ದಕ್ಕೂ ಸಸಿಗಳು ಗೆರೆ ಎಳೆದಂತೆ ನಿಂತಿವೆ, ಉಳಿದಂತೆ ಅಲ್ಲೊಂದು ಇಲ್ಲೊಂದು ಚಿಲ್ಲರೆ ಚಿಗುರು. ಸಾಲಿನಲ್ಲಿರುವುದು ಬಿತ್ತಿದ್ದು, ಚದುರಿದ್ದು ಕಳೆ ಎಂದು ತೀರ್ಮಾನಿಸಿ, ಕುಕ್ಕರಗಾಲಿನಲ್ಲಿ ಕುಳಿತು ಒಂದನ್ನೂ ಬಿಡದೆ ಕಿತ್ತೆ. ಪೈಪು ಸೋರುತ್ತಿತ್ತು ಮಗಳೇ. ನೀರು ಬಿದ್ದಲ್ಲೆಲ್ಲ ಕಳೆ ಸಾಲಾಗಿ ಎದ್ದಿತ್ತು. ಅದಕ್ಕೆ ಒಂದೂವರೆ ತಿಂಗಳು ಗೊಬ್ಬರ ಹಾಕಿ ಸಾಕಿದೆ. “ನಿನ್ನ ಗಿಡ ಮೊಣಕಾಲೆತ್ತರ ಬಂತು” ಎಂದು ಫೋನಿನಲ್ಲಿ ಜಂಬ ಬೇರೆ ಕೊಚ್ಚಿಕೊಂಡೆ.

ಅದರ ಎಲೆ ಕಿತ್ತು ನಿನ್ನ ಮಾವನಿಗೆ ಚಹಾ ಮಾಡಿಕೊಟ್ಟ ದಿನ ಬಣ್ಣ ಬಯಲಾಯಿತು. ಅವರು ಒಂದು ಗುಟುಕು ಕುಡಿದು “ದನಕ್ಕೆ ಹಾಕೋದನ್ನ ನನಗ್ಯಾಕೆ ಕೊಟ್ಟೆ?” ಎಂದರು. ನಿನ್ನ ಗಂಡ ಎಲೆ ತಿಕ್ಕಿ ಮೂಸಿ, “ಅಮ್ಮಾ, ಇದು ಬರೀ ಕಳೆ” ಎಂದ. ಬೀಜದ ಪೊಟ್ಟಣ ಹುಡುಕಿ ಕೊಡವಿದೆ, ಒಂದು ಕಾಳೂ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೀಗಿತ್ತಿ ಅಷ್ಟು ವರ್ಷ ಉಳಿಸಿಕೊಂಡು ಬಂದದ್ದನ್ನು ನಾನು ಅರ್ಧ ಗಂಟೆಯಲ್ಲಿ ಮುಗಿಸಿದ್ದೆ. ಅಂದು ನನಗೆ ಊಟ ಸೇರಲಿಲ್ಲ.

ಹತ್ತು ದಿನ ಕಳೆದ ಮೇಲೆ ಬಟ್ಟೆ ಒಗೆಯುವಾಗ ನಿಂಬೆ ವಾಸನೆ ಬಂತು. ಇವನು ಬೇರೆ ಸೋಪು ತಂದನೇನೋ ಎಂದುಕೊಂಡೆ. ಬಗ್ಗಿ ನೋಡಿದರೆ ಒಗೆಯುವ ಕಲ್ಲಿನ ಬುಡದ ಸಂದಿಯಲ್ಲಿ ಗೇಣುದ್ದದ ಒಂದು ಗಿಡ. ನನ್ನ ಒದ್ದೆ ಹೊದಿಕೆ ಬಿದ್ದು ಅದರ ಎಲೆ ಜಜ್ಜಿಹೋಗಿತ್ತು. ಬೀಜ ಚೆಲ್ಲಿದ ಕೈಯನ್ನು ನೀನು ಅಲ್ಲೇ ಕೊಡವಿರಬೇಕು.

ಅಂದಿನಿಂದ ಅದಕ್ಕೆ ನನ್ನದೇ ಕಾವಲು. ಬಟ್ಟೆ ಒಗೆಯುವುದು ಬಚ್ಚಲಿನಲ್ಲಿ. ನಿನ್ನ ಗಂಡನ ಸೊಳ್ಳೆ ಔಷಧಿಯ ಡಬ್ಬ ಬೀರುವಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ನಿನ್ನ ಮಾವ “ಒಂದೆಲೆ ಕಿತ್ರೆ ಗಿಡ ಏನು ಸತ್ತೋಗುತ್ತಾ?” ಎಂದರು. “ಕಿತ್ತು ನೋಡಿ, ಯಾರು ಸಾಯ್ತಾರೆ ಅಂತ ಗೊತ್ತಾಗುತ್ತೆ” ಎಂದೆ. ಊದಾ ಹೂವು ಬಿಟ್ಟ ಮೊದಲ ವಾರ ಒಂದೇ ಒಂದು ಜೇನೂ ಇತ್ತ ಸುಳಿಯಲಿಲ್ಲ. ಜೇನು ಬಾರದೆ ಬೀಜ ಕಟ್ಟುವುದಿಲ್ಲ ಎಂದು ನೀನೇ ಹೇಳಿದ್ದೆ. ದಿನಾ ಬೆಳಗ್ಗೆ ಮಣೆ ಹಾಕಿಕೊಂಡು ಕಾದೆ. ಎಂಟನೇ ದಿನ ಎರಡು ಬಂದವು, ಆಮೇಲೆ ಎಣಿಸಲಾಗದಷ್ಟು. ಈಗ ಹೂವು ಒಣಗಿದೆ, ಗಿಡವೂ ಒಣಗಿದೆ. ನಾಳೆ ಬಿಡಿಸಿ ನೋಡುತ್ತೇನೆ. ಒಳಗೆ ಏನೂ ಇಲ್ಲದಿದ್ದರೂ ಈ ಕಾಗದ ಹಾಕಿಯೇ ಹಾಕುತ್ತೇನೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಮಾವನ ಹಾರೈಕೆಗಳೂ ಇದರಲ್ಲೇ ಸೇರಿವೆ, ಅವರು ಬೇರೆ ಬರೆಯುವವರಲ್ಲ.

ಇಂತು,
ನಿನ್ನ ಅತ್ತೆ

ತಾ.ಕ.: ಶುಕ್ರವಾರ ಬೆಳಗ್ಗೆ, ಅಂಚೆಯವನು ಬರುವ ಹೊತ್ತಾಯಿತು. ಬಿಡಿಸಿದೆ. ಕೆಲವು ಹೂವು ಖಾಲಿ, ಕೆಲವುಗಳಲ್ಲಿ ನಾಲ್ಕು ನಾಲ್ಕು ಬೀಜ. ಎಲ್ಲ ಸೇರಿ ಕಾಲು ಚಮಚ ಆದೀತು. ಅರ್ಧ ಈ ಕಾಗದದೊಳಗಿದೆ. ಎಲ್ಲವನ್ನೂ ಒಂದೇ ಮನೆಯಲ್ಲಿ, ಅದೂ ನನ್ನ ಕೈಯಲ್ಲಿ, ಇನ್ನು ಮುಂದೆ ಬಿಡಬೇಡ. ಉಳಿದರ್ಧವನ್ನು ನಿನ್ನನ್ನು ಕೇಳದೆ ನಾನು ಇಟ್ಟುಕೊಂಡಿದ್ದೇನೆ, ವರ್ಷ ವರ್ಷ ಬಿತ್ತುತ್ತೇನೆ. ನಿನ್ನ ಅಮ್ಮ ಹೋದಾಗ ನಿನಗೆ ಏನು ಹೇಳಬೇಕೆಂದು ತಿಳಿಯದೆ, ನಿನ್ನ ತವರಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಮಾತಿಲ್ಲದೆ ವಾಪಸು ಬಂದೆ. ಅದಕ್ಕೂ ಇದಕ್ಕೂ ಸೇರಿಸಿ ಕ್ಷಮಿಸು. ಪೊಟ್ಟಣ ಬಿಡಿಸುವ ಮೊದಲು ಫ್ಯಾನು ಆರಿಸು.